ಬಿಟ್ಟಿ ಊಟವೋ, ಮಕ್ಕಳ ಪಾಲೋ?

ಸಾಧಾರಣ ಕಾಲದ 18ನೇ ಭಾನುವಾರದ ಪ್ರಬೋಧನೆ
ವಾಚನಗಳು: ಯೆಶಾಯ 55:1-3, ರೋಮನರಿಗೆ 8:35, 37-39, ಮತ್ತಾಯ 14:13-21



ಕಳೆದ ತಿಂಗಳು ಮನೆಭೇಟಿಗೆ ಹೋಗಿದ್ದಾಗ ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ಮಗನಿಗೆ ಡಬ್ಬಿಗೆ ಚಿತ್ರಾನ್ನ ಕಟ್ಟುತ್ತಿದ್ದರು. "ಶಾಲೇಲೇ ಊಟ ಕೊಡ್ತಾರಲ್ಲಮ್ಮಾ?" ಎಂದು ಕೇಳಿದೆ. ಅವರು ತಲೆ ಎತ್ತದೆ ಹೇಳಿದರು: "ಆ ಬಿಟ್ಟಿ ಊಟ ನಮ್ ಮಕ್ಳಿಗ್ಯಾಕೆ ಫಾದರ್? ನಾವೇನ್ ಗತಿ ಇಲ್ದವ್ರಾ?" ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸಿದರು: "ಯಾರ್ ಬೇಯ್ಸ್ತಾರೋ ಏನೋ."

ಅವರ ಮನೆಯಲ್ಲಿ ಕಾಫಿ ಕುಡಿದು, ಪ್ರಾರ್ಥನೆ ಮಾಡಿ, ಆಶೀರ್ವಾದ ಕೊಟ್ಟು ಹೊರಟೆ. ಆದರೆ ಆ ಎರಡು ಮಾತುಗಳಿಗೆ ಉತ್ತರ ಕೊಡದೆ ಬಂದೆ. ಇಂದಿನ ಶುಭಸಂದೇಶ ಓದುವಾಗ ಅದು ನನ್ನನ್ನು ಚುಚ್ಚಿತು. ಅಂದು ಕೊಡದ ಉತ್ತರವನ್ನು ಇಂದು ನಿಮ್ಮೆಲ್ಲರ ಮುಂದೆ ಕೊಡಲು ಪ್ರಯತ್ನಿಸುತ್ತೇನೆ.

ಮತ್ತಾಯನ 14ನೇ ಅಧ್ಯಾಯವನ್ನು ಮನೆಗೆ ಹೋದ ಮೇಲೆ ಮೊದಲಿನಿಂದ ಓದಿ. ಅದರಲ್ಲಿ ಎರಡು ಊಟಗಳಿವೆ. ಮೊದಲನೆಯದು ಹೆರೋದನ ಹುಟ್ಟುಹಬ್ಬದ ಔತಣ. ಅಲ್ಲಿಗೆ ಬಂದವರು ಆಹ್ವಾನ ಪಡೆದ ಅತಿಥಿಗಳು. ಆ ಔತಣದ ಕೊನೆಯಲ್ಲಿ ಹರಿವಾಣದ ಮೇಲೆ ಬಂದದ್ದು ಸ್ನಾನಿಕ ಯೊವಾನ್ನರ ತಲೆ. ಆ ಸುದ್ದಿ ಕೇಳಿದ ಯೇಸುಸ್ವಾಮಿ ಏಕಾಂತವಾಗಿರಲು ದೋಣಿ ಹತ್ತಿ ಹೊರಟರು. ದುಃಖದಲ್ಲಿದ್ದ ಅವರನ್ನು ಜನ ಬಿಡಲಿಲ್ಲ. ಊರುಗಳಿಂದ ಕಾಲ್ನಡಿಗೆಯಲ್ಲೇ ಹಿಂಬಾಲಿಸಿದರು. ಸಂಜೆಯಾಯಿತು. ಆಗ ಎರಡನೆಯ ಊಟ ನಡೆಯಿತು, ಹುಲ್ಲಿನ ಮೇಲೆ. ಅಲ್ಲಿ ಯಾರಿಗೂ ಆಹ್ವಾನ ಇರಲಿಲ್ಲ, ಮೇಲ್ಪಂಕ್ತಿ ಕೆಳಪಂಕ್ತಿಯೂ ಇರಲಿಲ್ಲ.

ಶಿಷ್ಯರು ಕೊಟ್ಟ ಸಲಹೆ ಕೆಟ್ಟದ್ದೇನಲ್ಲ, ವ್ಯವಹಾರ ಬಲ್ಲವರ ಸಲಹೆಯೇ. ಹೊತ್ತಾಯಿತು, ಜನರನ್ನು ಕಳುಹಿಸಿಬಿಡಿ, ಹಳ್ಳಿಗಳಿಗೆ ಹೋಗಿ ಅವರವರ ಊಟ ಅವರೇ ಕೊಂಡುಕೊಳ್ಳಲಿ ಎಂದರು. ಇಂದಿಗೂ ನಾವು ಹೇಳುವುದು ಇದನ್ನೇ: ಅವರವರ ಹೊಟ್ಟೆ ಅವರವರು ನೋಡಿಕೊಳ್ಳಲಿ. ಯೇಸು ಅದನ್ನು ಒಪ್ಪಲಿಲ್ಲ. ಅವರು ಹೋಗಬೇಕಾಗಿಲ್ಲ, ಊಟ ಕೊಡುವ ಹೊಣೆ ನಿಮ್ಮದೇ ಎಂದರು. ಇದ್ದದ್ದು ಐದು ರೊಟ್ಟಿ, ಎರಡು ಮೀನು. ಅದನ್ನು ತೆಗೆದುಕೊಂಡು ಸ್ತೋತ್ರ ಸಲ್ಲಿಸಿ, ಮುರಿದು ಶಿಷ್ಯರ ಕೈಗೆ ಕೊಟ್ಟರು. ಬಡಿಸಿದವರು ಶಿಷ್ಯರು. ಕಳುಹಿಸಿಬಿಡಿ ಎಂದವರ ಕೈಯಿಂದಲೇ ಯೇಸು ಊಟ ಬಡಿಸಿದರು.

ಕೊನೆಗೆ ಮತ್ತಾಯ ಒಂದು ಲೆಕ್ಕ ಕೊಡುತ್ತಾನೆ: ಗಂಡಸರೇ ಸುಮಾರು 5,000 ಮಂದಿ, ಹೆಂಗಸರು ಮಕ್ಕಳು ಬೇರೆ. ಆ ಕಾಲದ ಪದ್ಧತಿಯಂತೆ ಮಕ್ಕಳು ಎಣಿಕೆಗೆ ಬರಲಿಲ್ಲ, ಆದರೆ ಊಟಕ್ಕೆ ಬಂದರು. ಎಲ್ಲರೂ ತಿಂದು ತೃಪ್ತರಾದರು ಎನ್ನುವಾಗ ಆ ಎಲ್ಲರಲ್ಲಿ ಮಕ್ಕಳೂ ಇದ್ದಾರೆ. ನಿನ್ನ ಅಪ್ಪನಿಗೆ ಎಷ್ಟು ಜಮೀನಿದೆ, ಮನೆಯ ಪಡಿತರ ಚೀಟಿ ಯಾವ ಬಣ್ಣದ್ದು ಎಂದು ಯೇಸು ಒಬ್ಬ ಮಗುವನ್ನೂ ಕೇಳಲಿಲ್ಲ.

ಪ್ರಿಯರೇ, ನಾವಿರುವ ತಮಿಳುನಾಡಿನಲ್ಲಿ ಶಾಲಾ ಊಟಕ್ಕೆ ದೊಡ್ಡ ಇತಿಹಾಸವಿದೆ. ಸುಮಾರು 1920ರಲ್ಲೇ ಮದರಾಸು ನಗರಸಭೆ ತನ್ನ ಶಾಲೆಯೊಂದರಲ್ಲಿ ಬಡ ಮಕ್ಕಳಿಗೆ ಊಟ ಕೊಡಲು ಆರಂಭಿಸಿತ್ತು. 1956ರಲ್ಲಿ ಮುಖ್ಯಮಂತ್ರಿ ಕಾಮರಾಜರು ಅದನ್ನು ರಾಜ್ಯದ ಯೋಜನೆಯಾಗಿ ಬೆಳೆಸಿದರು. 1982ರಲ್ಲಿ ಎಂ.ಜಿ.ಆರ್. ಅವರು ಹಳ್ಳಿಹಳ್ಳಿಯ ಮಕ್ಕಳಿಗೆ ಅದನ್ನು ವಿಸ್ತರಿಸಿದರು. ಅದೇ ನಮ್ಮ ಮಕ್ಕಳು 'ಸತ್ತುಣವು' ಎನ್ನುವ ಊಟ. 2022ರ ಸೆಪ್ಟೆಂಬರ್‌ನಿಂದ 1ರಿಂದ 5ನೇ ತರಗತಿಯ ಮಕ್ಕಳಿಗೆ ಬೆಳಗಿನ ಉಪಾಹಾರವೂ ಶುರುವಾಯಿತು; 2024ರ ಜುಲೈಯಲ್ಲಿ ಹಳ್ಳಿಗಳ ಅನುದಾನಿತ ಶಾಲೆಗಳಿಗೂ ಬಂತು. ಬೆಟ್ಟದಾಚೆ ಕರ್ನಾಟಕದಲ್ಲಿರುವ ನಮ್ಮ ನೆಂಟರ ಮಕ್ಕಳು 'ಬಿಸಿಯೂಟ' ಎನ್ನುವುದೂ ಇಂಥದ್ದೇ ಊಟ. ಅಲ್ಲಿನ ಸರ್ಕಾರ ಅದಕ್ಕಿಟ್ಟ ಹೆಸರು 'ಅಕ್ಷರ ದಾಸೋಹ'. 'ದಾಸೋಹ' ಶರಣರ ಮಾತು. ಬಡಿಸುವವನು ತಾನು ದಾಸ ಎಂದುಕೊಂಡು ಬಡಿಸಬೇಕು ಎಂಬ ಭಾವ ಅದರಲ್ಲಿದೆ. ಶಿಷ್ಯರ ಪಾದ ತೊಳೆದ ಪ್ರಭುವಿನ ಮಕ್ಕಳಾದ ನಮಗೆ ಈ ಮಾತು ಅರ್ಥವಾಗದೆ ಹೋಗಬಾರದು.

ಇದು ಯಾರೋ ಮಂತ್ರಿಯ ಕೈಕೊಡುಗೆಯೂ ಅಲ್ಲ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು, ಎಲ್ಲ ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಬಿಸಿ ಊಟ ಕೊಡಲೇಬೇಕೆಂದು ರಾಜ್ಯಗಳಿಗೆ ಆಜ್ಞೆ ಮಾಡಿತು. 2013ರ ಆಹಾರ ಭದ್ರತೆ ಕಾನೂನು 6ರಿಂದ 14 ವರ್ಷದ ಮಕ್ಕಳಿಗೆ ಅದನ್ನು ಹಕ್ಕಾಗಿ ಕೊಟ್ಟಿದೆ. ಬೆಂಕಿಪೊಟ್ಟಣ ಕೊಳ್ಳುವ ಕೂಲಿಯವಳೂ ತೆರಿಗೆ ಕಟ್ಟುತ್ತಾಳೆ. ಆದ್ದರಿಂದ ಈ ಊಟ ಬಿಟ್ಟಿ ಅಲ್ಲ. ನಾವೆಲ್ಲರೂ ಸೇರಿ ನಮ್ಮೆಲ್ಲರ ಮಕ್ಕಳಿಗೆ ತೆಗೆದಿಟ್ಟ ಪಾಲು ಅದು.

ಆದರೂ ನಿಮ್ಮಲ್ಲಿ ಕೆಲವರಿಗೆ ಪ್ರಶ್ನೆಗಳಿವೆ. ಅವನ್ನು ತಳ್ಳಿಹಾಕಬಾರದು.

ಮೊದಲನೆಯದು: ಮಕ್ಕಳಿಗೆ ಅನ್ನ ಹಾಕುವುದು ತಂದೆತಾಯಿಯ ಕರ್ತವ್ಯವಲ್ಲವೇ? ಖಂಡಿತ ಹೌದು. ಮನೆ ಮಾಡಬಲ್ಲ ಕೆಲಸವನ್ನು ಸರ್ಕಾರ ಕಸಿದುಕೊಳ್ಳಬಾರದು ಎಂದು ಧರ್ಮಸಭೆಯೂ ಕಲಿಸುತ್ತದೆ. ಅದೇ ಧರ್ಮಸಭೆ ಇನ್ನೊಂದನ್ನೂ ಕಲಿಸುತ್ತದೆ: ಮನೆಯ ಕೈ ಸಾಲದೆ ಹೋದಾಗ ದೊಡ್ಡ ಸಮಾಜ ಕೈಗೂಡಿಸಬೇಕು. ಬೆಳಿಗ್ಗೆ ಆರಕ್ಕೇ ಆಲೂಗೆಡ್ಡೆ ಕೀಳಲು, ಅರಿಸಿನ ಅಗೆಯಲು ಗಾಡಿ ಹತ್ತುವ ತಾಯಂದಿರು ನಮ್ಮಲ್ಲಿದ್ದಾರೆ. ಆ ಹೊತ್ತಿಗೆ ಮಗು ಇನ್ನೂ ಎದ್ದಿರುವುದಿಲ್ಲ. ಶಾಲೆಯ ಉಪ್ಪಿಟ್ಟು, ಪೊಂಗಲು ಆ ತಾಯಿಯ ಪ್ರೀತಿಗೆ ಬದಲಲ್ಲ. ಅವಳ ದುಡಿಮೆಗೆ ಅದು ಊರುಗೋಲು.

ಎರಡನೆಯದು: ದುಡಿಯದವನು ಉಣ್ಣಬಾರದೆಂದು ಸಂತ ಪೌಲರೇ ಥೆಸಲೋನಿಯರಿಗೆ ಬರೆದಿಲ್ಲವೇ? ಬರೆದಿದ್ದಾರೆ. ಆದರೆ ಅದು ದುಡಿಯಲು ಶಕ್ತಿಯಿದ್ದೂ ಮನಸ್ಸಿಲ್ಲದೆ ಮನೆಮನೆ ತಿರುಗುತ್ತಿದ್ದ ದೊಡ್ಡವರಿಗೆ ಬರೆದದ್ದು. ಆರು ವರ್ಷದ ಮಗುವಿನ ಮುಂದೆ ಆ ವಾಕ್ಯ ಓದಲು ಪೌಲರು ನಮಗೆ ಅನುಮತಿ ಕೊಟ್ಟಿಲ್ಲ. ಮಗುವಿನ ದುಡಿಮೆ ಕಲಿಯುವುದು. ಖಾಲಿ ಹೊಟ್ಟೆಯಲ್ಲಿ ಕುಳಿತ ಮಗುವಿಗೆ ಮಗ್ಗಿ ತಲೆಗೆ ಹತ್ತುವುದಿಲ್ಲ. ಇದನ್ನು ಯಾವ ಟೀಚರನ್ನಾದರೂ ಕೇಳಿ.

ಮೂರನೆಯದು: ಬಡವರಿಗೆ ಮಾತ್ರ ಕೊಟ್ಟರೆ ಸಾಲದೇ, ಉಳ್ಳವರ ಮಕ್ಕಳಿಗೂ ಯಾಕೆ? ಇದಕ್ಕೆ ಉತ್ತರ ನನ್ನ ಬಾಲ್ಯದಲ್ಲೇ ಇದೆ. ಈ ಮಾತನ್ನು ಇಷ್ಟು ವರ್ಷ ಯಾವ ಪೀಠದಿಂದಲೂ ನಾನು ಹೇಳಿಲ್ಲ. 1982ರಲ್ಲಿ ನಾನು ಎರಡನೇ ತರಗತಿಯಲ್ಲಿದ್ದೆ. ನಮ್ಮವ್ವ ಕಳೆ ಕೀಳಲು ಹೋಗುತ್ತಿದ್ದರು. ಚೀಲದಲ್ಲಿ ಸ್ಲೇಟಿನ ಜೊತೆ ಒಂದು ಅಲ್ಯೂಮಿನಿಯಂ ತಟ್ಟೆ ಇರುತ್ತಿತ್ತು. ಮಧ್ಯಾಹ್ನದ ಆ ಬಿಸಿ ಅನ್ನ ಸಾಂಬಾರೇ ಎಷ್ಟೋ ದಿನ ನನ್ನ ಮೊದಲ ಊಟ. ಅನ್ನಕ್ಕಾಗಿ ನನಗೆ ನಾಚಿಕೆ ಆಗಲಿಲ್ಲ. ನಾಚಿಕೆ ಆದದ್ದು ತಟ್ಟೆ ಹಿಡಿದವರು ಒಂದು ಕಡೆ, ಡಬ್ಬಿ ತಂದವರು ಇನ್ನೊಂದು ಕಡೆ ಕುಳಿತದ್ದಕ್ಕೆ. ಮುಂದೆ ಸೆಮಿನರಿಯಲ್ಲಿ ಗೆಳೆಯರು ಶಾಲೆಯ ಊಟದ ಬಗ್ಗೆ ತಮಾಷೆ ಮಾಡಿದಾಗ, ನಾನು ಮನೆಯಿಂದಲೇ ತರುತ್ತಿದ್ದೆ ಎಂದು ಸುಳ್ಳು ಹೇಳಿದೆ. ಪೇತ್ರನಿಗೆ ಕೋಳಿ ಕೂಗಿತು. ನನಗೆ ಕೂಗಲು ಇಷ್ಟು ವರ್ಷ ಬೇಕಾಯಿತು. ನನ್ನನ್ನು ಬೆಳೆಸಿದ ಅನ್ನವನ್ನು ನಾನು ಅಲ್ಲಗಳೆದೆ. ಇಂದು ಅದಕ್ಕಾಗಿ ದೇವರ ಮುಂದೆಯೂ ನಿಮ್ಮ ಮುಂದೆಯೂ ಕ್ಷಮೆ ಕೇಳುತ್ತೇನೆ.

ಎಲ್ಲರೂ ಒಟ್ಟಿಗೆ ಉಂಡರೆ ಅದು ಊಟ. ಬಡವರು ಮಾತ್ರ ಉಂಡರೆ ತಟ್ಟೆಯೇ ಬಡತನದ ಗುರುತಾಗುತ್ತದೆ. ಆದ್ದರಿಂದಲೇ ಎಲ್ಲರಿಗೂ ಕೊಡಬೇಕು.

ನಾಲ್ಕನೆಯದು: ಊಟ ಶುಚಿಯಾಗಿರುತ್ತದೆಯೇ? ಇದು ನ್ಯಾಯವಾದ ಪ್ರಶ್ನೆ. 2004ರ ಜುಲೈಯಲ್ಲಿ ಕುಂಭಕೋಣದ ಶಾಲೆಯೊಂದರ ಅಡುಗೆಮನೆಯಲ್ಲಿ ಹೊತ್ತಿದ ಬೆಂಕಿ ಹುಲ್ಲಿನ ಛಾವಣಿಗೆ ತಗಲಿ 94 ಮಕ್ಕಳು ತೀರಿಹೋದರು. 2013ರಲ್ಲಿ ಬಿಹಾರದಲ್ಲಿ ಕೀಟನಾಶಕ ಸೇರಿದ್ದ ಊಟ ಉಂಡು 23 ಮಕ್ಕಳು ಸತ್ತರು. ಪುಕ್ಕಟೆ ಊಟ ಎಂದು ಉದಾಸೀನ ಮಾಡಿದರೆ ಅದು ಪಾಪ. ಆದರೆ ಇದಕ್ಕೆ ಮದ್ದು ನಮ್ಮ ಮಕ್ಕಳನ್ನು ಮಾತ್ರ ಪಕ್ಕಕ್ಕೆ ಸರಿಸಿಕೊಳ್ಳುವುದಲ್ಲ. ಉಳ್ಳವರ ಮಗು ಅದೇ ತಟ್ಟೆಯಲ್ಲಿ ಉಂಡರೆ, ಅಕ್ಕಿಯಲ್ಲಿ ಹುಳ ಕಂಡ ದಿನವೇ ಪ್ರಶ್ನೆ ಕೇಳುವ ಬಾಯಿ ಇರುತ್ತದೆ. ಅವರು ಡಬ್ಬಿ ಕಟ್ಟಿಕೊಟ್ಟು ಸುಮ್ಮನಾದರೆ, ಉಳಿದ ಮಕ್ಕಳ ತಟ್ಟೆಗೆ ಹೇಳುವವರು ಕೇಳುವವರು ಇಲ್ಲ.

ಇನ್ನು ಆ ತಾಯಿ ದನಿ ತಗ್ಗಿಸಿ ಹೇಳಿದ ಮಾತು: ಯಾರು ಬೇಯಿಸುತ್ತಾರೋ ಏನೋ. ಸಹೋದರ ಸಹೋದರಿಯರೇ, ಇದರ ಅರ್ಥ ನನಗೂ ಗೊತ್ತು, ನಿಮಗೂ ಗೊತ್ತು. ಅಡುಗೆಯವಳ ಕೈ ಶುಚಿಯೇ ಎಂದು ನಾವು ಕೇಳುತ್ತಿಲ್ಲ, ಅವಳ ಜಾತಿ ಯಾವುದು ಎಂದು ಕೇಳುತ್ತಿದ್ದೇವೆ. ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಆದಿವಾಸಿಗಳಿಗೆ ಆದ್ಯತೆ ಕೊಡಬೇಕೆಂದು 2004ರಲ್ಲೇ ಸುಪ್ರೀಂ ಕೋರ್ಟು ಹೇಳಿತು. ಆದರೂ ಅವರು ಬೇಯಿಸಿದ್ದನ್ನು ಮಕ್ಕಳು ಮುಟ್ಟದಂತೆ ದೊಡ್ಡವರು ತಡೆದ ಸುದ್ದಿಯನ್ನು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಓದಿ, ಅದು ಬೇರೆಯವರ ಕಥೆ ಎಂದುಕೊಳ್ಳುತ್ತೇವೆ. ಜ್ಞಾನಸ್ನಾನದ ನೀರು ನಮ್ಮ ತಲೆಯ ಮೇಲೆ ಬಿತ್ತು, ಅಡುಗೆಮನೆಯೊಳಗೆ ಇನ್ನೂ ಹರಿದಿಲ್ಲ.

ಕೊರಿಂಥದ ಸಭೆಯಲ್ಲೂ ಹೀಗೇ ಆಗಿತ್ತು. ಪ್ರಭುವಿನ ಭೋಜನಕ್ಕೆ ಸೇರಿದಾಗ ಉಳ್ಳವರು ತಮ್ಮ ತಮ್ಮ ಬುತ್ತಿ ಬಿಚ್ಚಿ ಮೊದಲೇ ಉಂಡು ಮುಗಿಸುತ್ತಿದ್ದರು, ಇಲ್ಲದವರು ಹಸಿದು ನೋಡುತ್ತಿದ್ದರು. ಹೀಗೆ ಮಾಡಿದರೆ ನೀವು ಉಣ್ಣುವುದು ಪ್ರಭುವಿನ ಭೋಜನವೇ ಅಲ್ಲ ಎಂದು ಪೌಲರು ಕಟುವಾಗಿ ಬರೆದರು. ಪರಮಪ್ರಸಾದ ಸ್ಥಾಪನೆಯ ವೃತ್ತಾಂತವನ್ನು ಅವರು ನೆನಪಿಸಿದ್ದೇ ಈ ಜಗಳದ ನಡುವೆ. ಭಾನುವಾರ ಒಂದೇ ರೊಟ್ಟಿಯಲ್ಲಿ ಪಾಲುಗೊಂಡು, ಸೋಮವಾರ ನನ್ನ ಮಗು ಆ ಮಗುವಿನ ಪಕ್ಕ ಕೂತು ಉಣ್ಣಬಾರದು ಎಂದರೆ, ನಮ್ಮ ನಾಲಿಗೆಯ ಮೇಲೆ ಬಂದ ಪ್ರಭುವನ್ನು ನಾವು ಗುರುತಿಸಲಿಲ್ಲ ಎಂದೇ ಅರ್ಥ.

ಇಂದಿನ ಮೊದಲನೆಯ ವಾಚನದಲ್ಲಿ ದೇವರು ಪ್ರವಾದಿ ಯೆಶಾಯನ ಬಾಯಿಂದ ಹಣವಿಲ್ಲದವರನ್ನೇ ಊಟಕ್ಕೆ ಕರೆಯುತ್ತಾರೆ. ಎರಡನೆಯ ವಾಚನದಲ್ಲಿ, ಕ್ರಿಸ್ತನ ಪ್ರೀತಿಯಿಂದ ನಮ್ಮನ್ನು ಅಗಲಿಸಲಾರದ ಸಂಕಟಗಳ ಸಾಲಿನಲ್ಲಿ ಪೌಲರು ಹಸಿವನ್ನೂ ಹೆಸರಿಸುತ್ತಾರೆ. ಹಸಿವೇ ಅಗಲಿಸಲಾರದವರನ್ನು ಡಬ್ಬಿಯ ಹೆಸರಿನಲ್ಲಿ ನಾವು ಅಗಲಿಸುವುದೇ? ನಾಲ್ಕನೆಯ ಶತಮಾನದಲ್ಲಿ ಕೈಸರೇಯಕ್ಕೆ ಬರ ಬಂದಾಗ ಸಂತ ಬಸಿಲರು ಉಗ್ರಾಣಗಳನ್ನು ತೆರೆಯಿಸಿ, ಹಸಿದವರಿಗೆ ತಾವೇ ನಿಂತು ಬಡಿಸಿದರು. ನಮ್ಮಲ್ಲಿ ಹೆಚ್ಚಾಗಿ ಉಳಿದ ರೊಟ್ಟಿ ಹಸಿದವನದೇ ಎಂಬುದು ಅವರ ಬೋಧನೆ.

ಈಗ ಮಾಡಬೇಕಾದ ಮೂರು ಕೆಲಸಗಳನ್ನು ಹೇಳಿ ಮುಗಿಸುತ್ತೇನೆ.

ಒಂದು, ವೈದ್ಯರು ಬೇಡವೆಂದಿದ್ದರೆ ಬೇರೆ ಮಾತು; ಇಲ್ಲದಿದ್ದರೆ ನಿಮ್ಮ ಮಕ್ಕಳು ಶಾಲೆಯಲ್ಲಿ ಎಲ್ಲರೊಂದಿಗೆ ಕುಳಿತು ಉಣ್ಣಲಿ. ಡಬ್ಬಿ ಕೊಡಲೇಬೇಕೆಂದಿದ್ದರೆ ಪಕ್ಕದವನಿಗೂ ಸಾಲುವಷ್ಟು ಕೊಡಿ. ಶುಭಸಂದೇಶಕಾರ ಯೊವಾನ್ನ ಹೇಳುವಂತೆ, ಆ ಐದು ರೊಟ್ಟಿ ಒಬ್ಬ ಹುಡುಗನದು. ಅವನು ತನ್ನ ಬುತ್ತಿಯನ್ನು ಮುಚ್ಚಿಟ್ಟುಕೊಳ್ಳಲಿಲ್ಲ.

ಎರಡು, ತಿಂಗಳಿಗೊಮ್ಮೆಯಾದರೂ ತಂದೆತಾಯಂದಿರು ಇಬ್ಬಿಬ್ಬರು ಶಾಲೆಗೆ ಹೋಗಿ ಊಟದ ರುಚಿ ನೋಡಿ. ತಪ್ಪಿದ್ದರೆ ಶಾಲೆಯವರಿಗೆ ಹೇಳಿ. ಚೆನ್ನಾಗಿದ್ದರೆ ಹೊಗೆಯಲ್ಲಿ ಬೆಂದ ಆ ಅಡುಗೆಯಕ್ಕನಿಗೆ ಹೇಳಿ. ಅವರಲ್ಲಿ ಎಷ್ಟೋ ಮಂದಿ ಗಂಡನಿಲ್ಲದೆ ಒಬ್ಬರೇ ಸಂಸಾರ ಎಳೆಯುವವರು. ಚೆನ್ನಾಗಿದೆ ಅಕ್ಕ ಎಂದರೆ ನಮ್ಮ ಗಂಟು ಹೋಗುವುದಿಲ್ಲ.

ಮೂರು, ಏಪ್ರಿಲ್, ಮೇ ರಜೆಯಲ್ಲಿ ಶಾಲೆಯ ಒಲೆ ಆರಿರುತ್ತದೆ, ಹೊಟ್ಟೆಗೆ ರಜೆಯಿಲ್ಲ. ಈ ತಿಂಗಳಿಂದ ಮೊದಲ ಭಾನುವಾರ ಕಾಣಿಕೆಯ ಹೊತ್ತಿಗೆ ಪ್ರತಿ ಮನೆಯಿಂದ ಒಂದು ಹಿಡಿ ಅಕ್ಕಿ, ರಾಗಿ ಅಥವಾ ಬೇಳೆ ತನ್ನಿ. ಪೀಠದ ಮುಂದೆ ಬುಟ್ಟಿ ಇಡುತ್ತೇವೆ. ವಿನ್ಸೆಂಟ್ ದೆ ಪೌಲ್ ಸಭೆಯವರು ಅದನ್ನು ಜೋಪಾನ ಮಾಡಿ ರಜೆಯಲ್ಲಿ ಬೇಕಾದ ಮನೆಗಳಿಗೆ ಮುಟ್ಟಿಸುತ್ತಾರೆ. ಯಾವ ಮತ, ಯಾವ ಭಾಷೆ ಎಂದು ಕೇಳುವುದಿಲ್ಲ. ಅಂದು ಹನ್ನೆರಡು ಬುಟ್ಟಿ ಉಳಿಯಿತು. ನಮಗೆ ಒಂದು ಬುಟ್ಟಿ ತುಂಬಿದರೆ ಅಲ್ಲಿಂದ ಶುರು ಮಾಡೋಣ.

ಆ ತಾಯಿಯ ಮನೆಗೆ ಈ ವಾರ ಮತ್ತೆ ಹೋಗುತ್ತೇನೆ. ಅವರು ಕೆಟ್ಟವರಲ್ಲ, ಮಗನ ಮೇಲಿನ ಪ್ರೀತಿಗೆ ಹಾಗೆ ಹೇಳಿದರು. ನನ್ನ ಅಲ್ಯೂಮಿನಿಯಂ ತಟ್ಟೆಯ ಕಥೆಯನ್ನು ಅವರಿಗೂ ಹೇಳುತ್ತೇನೆ.

ಅನುದಿನದ ಆಹಾರವನ್ನು 'ನನಗೆ' ಎಂದಲ್ಲ, 'ನಮಗೆ' ಎಂದು ಕೇಳಲು ಕಲಿಸಿದ ಪ್ರಭುವೇ, ನಮ್ಮ ಊರಿನ ಒಂದು ಮಗುವೂ ಇಂದು ಹಸಿದು ಮಲಗದಿರಲಿ. ನಮ್ಮ ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು ಬೆಳೆಯಲಿ. ಕಾನಾ ಊರಿನ ಮದುವೆಮನೆಯಲ್ಲಿ ಇಲ್ಲದ್ದನ್ನು ಮೊದಲು ಕಂಡ ಮಾತೆ ಮರಿಯಮ್ಮನವರೇ, ನಮ್ಮ ಕಣ್ಣುಗಳನ್ನೂ ತೆರೆಯಿಸಿರಿ. ಆಮೆನ್.

ನಿಮ್ಮ ಧರ್ಮಕೇಂದ್ರದ ಗುರು