ಉಳಿದ 16 ಜಿಬಿ ಎಲ್ಲಿ ಹೋಯ್ತು?

ಬಯೋಸ್ ಪರದೆ ಮೇಲೆ 16 ಜಿಬಿ ಅಂತ ಇತ್ತು. ನಾನು ದುಡ್ಡು ಕೊಟ್ಟಿದ್ದು 32ಕ್ಕೆ.

ರಾತ್ರಿ ಒಂದೂವರೆ. ಹಾಲ್ ತುಂಬ ರಟ್ಟಿನ ಡಬ್ಬ, ಬಬಲ್ ಕವರ್, ಜಿಪ್ ಟೈ. ಗೇಮಿಂಗ್ ಪಿಸಿ ಒಂದನ್ನು ನನ್ನ ಕೈಯಾರೆ ಜೋಡಿಸಬೇಕು ಅನ್ನೋದು ಕಾಲೇಜಿನಿಂದ ಇದ್ದ ಹುಚ್ಚು. ಅವತ್ತು ಬೆಳಿಗ್ಗೆ ಎಸ್.ಪಿ. ರೋಡಿಗೆ ಹೋಗಿ ಎಲ್ಲ ಒಂದೇ ಅಂಗಡಿಯಲ್ಲಿ ತಗೊಂಡಿದ್ದೆ: ರೈಜನ್ 5 7600 ಪ್ರೊಸೆಸರ್, ಬಿ650 ಮದರ್‌ಬೋರ್ಡ್, 16ರ ಎರಡು ಡಿಡಿಆರ್5 ರ‍್ಯಾಮ್ ಸ್ಟಿಕ್ಕು, ಆರ್‌ಟಿಎಕ್ಸ್ 4060 ಕಾರ್ಡು. ಮೊದಲ ಸಲ ಪವರ್ ಬಟನ್ ಒತ್ತಿದಾಗ ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪಗೆ ಕೂತಿತ್ತು. ಈ ತಲೆಮಾರಿನ ಬೋರ್ಡುಗಳು ಮೊದಲ ಸಲ ರ‍್ಯಾಮ್ ಜೊತೆ ಹೊಂದಾಣಿಕೆ ಮಾಡ್ಕೊಳ್ಳೋಕೆ ಕೆಲವು ನಿಮಿಷ ತಗೊಳ್ತವೆ ಅಂತ ಓದಿ ಗೊತ್ತಿತ್ತು. ಆದ್ರೂ ಆ ನಿಮಿಷಗಳಲ್ಲಿ ಮನೆದೇವರ ನೆನಪಾಗುತ್ತೆ. ಆಮೇಲೆ ಪರದೆ ಬೆಳಗಿತು. 16 ಜಿಬಿ.

ದೋಷ ಹುಡುಕೋದಕ್ಕೆ ಒಂದು ಶಿಸ್ತಿದೆ, ನಿಮಗೂ ಗೊತ್ತಿರಬಹುದು. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ವಸ್ತು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ. ಮೊದಲ ಸ್ಟಿಕ್ಕನ್ನು ಒಂದೇ ನಾಲ್ಕನೇ ಸ್ಲಾಟಿಗೆ ಹಾಕಿದೆ, ಬೂಟ್ ಆಯ್ತು. ಅದನ್ನ ತೆಗೆದು ಎರಡನೇ ಸ್ಟಿಕ್ಕನ್ನು ಅಲ್ಲೇ ಹಾಕಿದೆ, ಆಯ್ತು. ಅಂದ್ರೆ ರ‍್ಯಾಮ್ ನಿರಪರಾಧಿ. ಈಗ ಎರಡನೇ ಸ್ಲಾಟು. ಯಾವ ಸ್ಟಿಕ್ ಹಾಕಿದರೂ ಕಪ್ಪು ಪರದೆ, ಬೋರ್ಡ್ ಮೂಲೆಯಲ್ಲಿ ‘ಡಿರ‍್ಯಾಮ್’ ಅಂತ ಬರೆದ ಸಣ್ಣ ದೀಪ ಉರೀತಾ ಕೂತಿರೋದು. ಬಯೋಸ್ ಅಪ್‌ಡೇಟ್ ಮಾಡಿದೆ, ಸೆಟ್ಟಿಂಗ್ ಎಲ್ಲ ಅಳಿಸಿದೆ, ಕೂಲರ್ ಸ್ಕ್ರೂ ಸ್ವಲ್ಪ ಸಡಿಲ ಮಾಡಿದೆ. ಆಫೀಸಿಂದ ಬಂದು ದಿನಕ್ಕೊಂದು ಪ್ರಯೋಗ. ನಾಲ್ಕು ರಾತ್ರಿ ಹೀಗೇ ಹೋಯ್ತು.

ಐದನೇ ರಾತ್ರಿ ಕೂಲರ್ ಬಿಚ್ಚಿ, ಪೇಸ್ಟ್ ಒರೆಸಿ, ಪ್ರೊಸೆಸರ್ ಎತ್ತಿದೆ. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ಸಾಕೆಟ್ ನೋಡಿದೆ. 1718 ಪಿನ್ನು, ಗದ್ದೆಯಲ್ಲಿ ನೆಟ್ಟ ಪೈರಿನ ಹಾಗೆ ಎಲ್ಲ ಒಂದೇ ಕಡೆಗೆ ವಾಲಿ ಹೊಳೀತಾ ಇದ್ವು. ಅಂಚಿನ ಸಾಲಿನಲ್ಲಿ ಒಂದು ಮಾತ್ರ ಹೊಳೆಯಲಿಲ್ಲ. ಅದು ಪಕ್ಕದ ಪಿನ್ ಮೇಲೆ ಮಲಗಿತ್ತು.

ಇಲ್ಲೊಂದು ಸಣ್ಣ ಇತಿಹಾಸ ಹೇಳಬೇಕು. ಎಎಂಡಿಯ ಹಿಂದಿನ ತಲೆಮಾರಿನ ಎಎಂ4 ಪ್ರೊಸೆಸರ್‌ಗಳಲ್ಲಿ ಪಿನ್ನುಗಳು ಪ್ರೊಸೆಸರ್‌ನ ಹೊಟ್ಟೆಯಲ್ಲೇ ಇರ್ತಿದ್ವು. 2022ರಲ್ಲಿ ಎಎಂ5 ಬಂದಾಗ ಅವು ಬೋರ್ಡಿನ ಸಾಕೆಟ್ಟಿಗೆ ಬಂದವು. ಇಂಟೆಲ್ ತನ್ನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಇದನ್ನ 2004ರಲ್ಲೇ ಶುರು ಮಾಡಿತ್ತು. ಅಂದ್ರೆ ಈಗ ನಿಮ್ಮ ಕೈ ಜಾರಿದರೆ ಪ್ರೊಸೆಸರ್‌ಗೆ ಸಾಮಾನ್ಯವಾಗಿ ಏನೂ ಆಗಲ್ಲ, ಪೆಟ್ಟು ಬೀಳೋದು ಬೋರ್ಡಿಗೆ. ಬೆರಳು ಅದೇ, ಜಾರಿದ್ದೂ ಹಾಗೇ, ಹಾಳಾಗೋ ವಸ್ತು ಮಾತ್ರ ಬೇರೆ. ಪಿನ್ ಬಾಗಿದ್ದರೆ ಅದು ಹೊರಗಿನ ಪೆಟ್ಟು ಅಂತ ಲೆಕ್ಕ, ವಾರಂಟಿಗೆ ಸೇರಲ್ಲ.

ನನ್ನ ಕೈ ಜಾರಿತ್ತಾ? ಜಾರಿತ್ತು. ಮೊದಲ ರಾತ್ರಿ ಪ್ರೊಸೆಸರ್ ಅನ್ನು ಎರಡು ಬೆರಳಲ್ಲಿ ಹಿಡಿದು ಸಾಕೆಟ್ ಮೇಲೆ ತಂದಿದ್ದಾಗ ಟೇಬಲ್ ಮೇಲಿದ್ದ ಫೋನ್ ವೈಬ್ರೇಟ್ ಆಯ್ತು. ಬೆಚ್ಚಿದೆ. ಅರ್ಧ ಇಂಚು ಎತ್ತರದಿಂದ ಅದರ ಮೂಲೆ ಸಾಕೆಟ್ ಮೇಲೆ ಬಿತ್ತು. ‘ಏನೂ ಆಗಿಲ್ಲ’ ಅಂತ ಜೋರಾಗಿಯೇ ಹೇಳ್ಕೊಂಡೆ, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಸರಿಯಾಗಿ ಕೂರಿಸಿ ಲಿವರ್ ಎಳೆದು ಬಿಗಿದೆ. ಐದು ದಿನ ರ‍್ಯಾಮ್, ಬಯೋಸ್, ಕೂಲರ್ ಎಲ್ಲದರ ಮೇಲೂ ಅನುಮಾನಪಟ್ಟವನು ಈ ಅರ್ಧ ಇಂಚನ್ನು ಒಂದು ಸಲವೂ ನೆನಪಿಸಿಕೊಂಡಿರಲಿಲ್ಲ. ಮರೆತಿರಲಿಲ್ಲ, ನೆನಪಿಸಿಕೊಂಡಿರಲಿಲ್ಲ ಅಷ್ಟೆ. ಎರಡಕ್ಕೂ ವ್ಯತ್ಯಾಸ ಇದೆ.

ಶನಿವಾರ ಬೋರ್ಡ್ ಹಿಡ್ಕೊಂಡು ಅಂಗಡಿಗೆ ಹೋದೆ. ಪ್ರಾಮಾಣಿಕವಾಗಿ ಹೇಳ್ತೀನಿ, ಮೆಟ್ರೋದಲ್ಲಿ ಕೂತಾಗ ನಿಜ ಹೇಳೋದೇ ಅಂದ್ಕೊಂಡಿದ್ದೆ. ಕೌಂಟರ್ ಮುಂದೆ ನಿಂತಾಗ ಬಾಯಿಂದ ಬಂದಿದ್ದು, “ಒಂದು ಚಾನೆಲ್ ಕೆಲ್ಸ ಮಾಡ್ತಿಲ್ಲ ಸರ್.” ಇದು ಸುಳ್ಳಲ್ಲ. ಮಾಲೀಕರು ಭೂತಗನ್ನಡಿ ಹಿಡಿದು ನೋಡಿದ್ರು. “ಪಿನ್ ಬೆಂಡ್ ಆಗಿದೆಯಲ್ಲ.” ನಾನು “ಹೌದಾ?” ಅಂದೆ. ಇದು ಸುಳ್ಳು. ಒಂದೇ ಪದ, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ.

ಅವರು ಒಳಗಿನ ಹುಡುಗನನ್ನು ಕರೆದ್ರು. ಕೊಪ್ಪಳ ಕಡೆಯವನು, ಹತ್ತೊಂಬತ್ತು ಇಪ್ಪತ್ತರ ವಯಸ್ಸು. ತಗೊಳ್ಳೋ ದಿನ ನಾನೇ ಹಟ ಮಾಡಿ ಬಾಕ್ಸ್ ಬಿಚ್ಚಿ ತೋರಿಸು ಅಂದಿದ್ದೆ. ಅವನು ಸಾಕೆಟ್‌ನ ಕಪ್ಪು ಮುಚ್ಚಳ ಎತ್ತಿ ತೋರಿಸಿ ಮತ್ತೆ ಹಾಕಿದ್ದ.

“ಬಾಕ್ಸ್ ಓಪನ್ ಮಾಡಿದ್ದು ನೀನೇ ಅಲ್ವಾ?”

“ಹೌದ್ರಿ. ಆದ್ರ ಅವಾಗ ಎಲ್ಲಾ ಪಿನ್ ಸೀದಾ ಇದ್ವು. ಸರ್‌ನೂ ನೋಡ್ಯಾರ್ರಿ.”

ಇಬ್ಬರೂ ನನ್ನ ಕಡೆ ನೋಡಿದ್ರು. ನಾನು, “ನಾನು ಅಷ್ಟು ಗಮನ ಇಟ್ಟು ನೋಡ್ಲಿಲ್ಲಪ್ಪ” ಅಂದೆ. ಮಾಲೀಕರು ಒಂದು ಕ್ಷಣ ಯೋಚಿಸಿ, “ಹೋಗ್ಲಿ, ನಮ್ಮಲ್ಲಿ ಓಪನ್ ಆಗಿದ್ದು” ಅಂತ ಹೊಸ ಬೋರ್ಡ್ ಕೊಟ್ರು. ಬೆಲೆ 15,800. ಹತ್ತು ನಿಮಿಷದಲ್ಲಿ ನಾನು ರಸ್ತೆಯಲ್ಲಿದ್ದೆ.

ಧರ್ಮರಾಯ ದ್ರೋಣರಿಗೆ ಮಗ ಸತ್ತ ಅಂತ ಹೇಳಿ, ಸತ್ತಿದ್ದು ಆನೆ ಅನ್ನೋದನ್ನ ಗೊಣಗಿದನಲ್ಲ, ಆ ಕಥೆಯಲ್ಲಿ ನನಗೆ ಯಾವಾಗಲೂ ಕುತೂಹಲ ಹುಟ್ಟಿಸೋದು ರಥದ ವಿಷಯ. ಅಲ್ಲೀವರೆಗೆ ನೆಲದಿಂದ ನಾಲ್ಕು ಅಂಗುಲ ಮೇಲೇ ಓಡ್ತಿದ್ದ ರಥ ಆ ಮಾತಿನ ನಂತರ ನೆಲಕ್ಕೆ ಇಳೀತು. ಗಮನಿಸಿ, ರಥ ಮುರಿಯಲಿಲ್ಲ. ಯುದ್ಧಕ್ಕೆ ಏನೂ ತೊಂದರೆ ಆಗಲಿಲ್ಲ. ಎಲ್ಲರ ರಥದ ಹಾಗೇ ಓಡಿತು. ನನ್ನ ಪಿಸಿಯೂ ಆ ರಾತ್ರಿ ಚೆನ್ನಾಗಿಯೇ ಓಡಿತು. 32 ಜಿಬಿ, 6000ದ ವೇಗ.

ಆಮೇಲಿನ ವಾರಗಳಲ್ಲಿ ನನ್ನ ಜೊತೆ ನಾನೇ ಬೇಕಾದಷ್ಟು ವಾದ ಮಾಡಿದೆ. ವಾದ ಒಂದು: ನನ್ನ ಕೈಯಿಂದಲೇ ಬಾಗಿದ್ದು ಅಂತ ಗ್ಯಾರಂಟಿ ಏನು? ಮುಚ್ಚಳ ಹಾಕುವಾಗ ಹುಡುಗನ ಉಗುರೂ ತಾಗಿರಬಹುದು. 1718 ಪಿನ್ನನ್ನೂ ನಾನು ಎಣಿಸಿದ್ದೆನಾ? ಇದು ನೋಡೋಕೆ ವೈಜ್ಞಾನಿಕ ಸಂಶಯದ ಹಾಗೇ ಇದೆ. ಆದರೆ ರ‍್ಯಾಮ್ ವಿಷಯದಲ್ಲಿ ನಾನು ಇಷ್ಟೊಂದು ಉದಾರಿಯಾಗಿರಲಿಲ್ಲ. ಅನುಮಾನ ಬಂದ ಕೂಡಲೇ ಕಿತ್ತು ಪರೀಕ್ಷೆ ಮಾಡಿದ್ದೆ. ಸಂಶಯದ ಲಾಭ ಕೊಟ್ಟಿದ್ದು ಒಬ್ಬನಿಗೆ ಮಾತ್ರ. ವಾದ ಎರಡು: ಅಂಗಡಿಗೆ ಇದೆಲ್ಲ ಮಾಮೂಲು, ಕಂಪನಿಗೆ ಕಳಿಸ್ತಾರೆ, ಅಲ್ಲಿ ಹೇಗೋ ಸರಿಹೋಗುತ್ತೆ. ನಮ್ಮಂಥೋರಿಗೆ ಈ ‘ಹೇಗೋ ಸರಿಹೋಗುತ್ತೆ’ ಅನ್ನೋದು ಬಹಳ ಹಗುರವಾಗಿ ಬರುತ್ತೆ. ರಿಟರ್ನ್ ಬಟನ್ ಒತ್ತಿ ಅಭ್ಯಾಸ. ಒತ್ತಿದ ಮೇಲೆ ಆ ವಸ್ತು ಎಲ್ಲಿಗೆ ಹೋಗುತ್ತೆ, ಆ ನಷ್ಟ ಯಾರ ಲೆಕ್ಕಕ್ಕೆ ಬರೆದಿರ್ತಾರೆ ಅಂತ ನಾವು ನೋಡೋದೇ ಇಲ್ಲ.

ಇಷ್ಟರ ನಡುವೆ ಟ್ಯೂನಿಂಗ್ ಶುರುವಾಗಿತ್ತು. ಪಿಸಿ ಜೋಡಿಸಿದವರಿಗೆ ಗೊತ್ತು, ಗೇಮ್ ಆಡೋದಕ್ಕಿಂತ ಇದರದ್ದೇ ಚಟ ಜಾಸ್ತಿ. ಪ್ರೊಸೆಸರ್‌ಗೆ ಹೋಗೋ ವೋಲ್ಟೇಜನ್ನು ಸ್ವಲ್ಪ ಸ್ವಲ್ಪ ಇಳಿಸ್ತಾ ಹೋಗೋದು. ಬಿಸಿ ಕಮ್ಮಿ, ಫ್ಯಾನ್ ಸದ್ದು ಕಮ್ಮಿ, ವೇಗ ಮಾತ್ರ ಅಷ್ಟೇ. ಒಂದೊಂದು ಚಿಪ್ ಸಹಿಸೋದು ಒಂದೊಂದು ಮಟ್ಟ, ಎಷ್ಟು ಅಂತ ಇಳಿಸಿ ನೋಡಿಯೇ ತಿಳೀಬೇಕು. ನಾನು ಮೈನಸ್ 30ಕ್ಕೆ ಇಳಿಸಿದೆ. ಗಂಟೆಗಟ್ಟಲೆ ಪೂರ್ತಿ ಲೋಡ್ ಹಾಕಿ ಪರೀಕ್ಷೆ ಮಾಡಿದೆ, ಅಲುಗಲಿಲ್ಲ. ಗೇಮ್ ಆಡಿದೆ, ಅಲುಗಲಿಲ್ಲ. ಆಮೇಲೆ ಒಂದು ಸಂಜೆ ಡೆಸ್ಕ್‌ಟಾಪ್ ತೆರೆದಿಟ್ಟು ಟೀ ಮಾಡೋಕೆ ಎದ್ದು ಹೋದೆ, ವಾಪಸ್ ಬರೋಷ್ಟರಲ್ಲಿ ಅದು ತಾನಾಗಿ ರೀಸ್ಟಾರ್ಟ್ ಆಗಿತ್ತು. ಮಾರನೇ ದಿನವೂ ಹಾಗೇ. ಕಾರಣ ಆಮೇಲೆ ತಿಳೀತು. ಎಲ್ಲ ಕೋರ್‌ಗಳೂ ದುಡಿಯುವಾಗ ಪ್ರೊಸೆಸರ್ ವೇಗ ಸ್ವಲ್ಪ ತಗ್ಗಿರುತ್ತೆ. ಸುಮ್ಮನೆ ಕೂತಾಗ ಯಾವುದೋ ಸಣ್ಣ ಕೆಲಸ ಬಂದ್ರೆ ಒಂದೇ ಕೋರ್ ಚಂಗನೆ ತನ್ನ ತುತ್ತತುದಿ ವೇಗಕ್ಕೆ ಹಾರುತ್ತೆ, ಆಗ ಇಳಿಸಿಟ್ಟ ವೋಲ್ಟೇಜ್ ಸಾಲದೆ ಬೀಳುತ್ತೆ. ಭಾರ ಹೊತ್ತಾಗ ಗಟ್ಟಿ, ಬಿಡುವಾಗಿ ಕೂತಾಗ ಕುಸಿತ. ನನಗೂ ಆ ದಿನಗಳಲ್ಲಿ ಆಫೀಸ್ ಕೆಲಸ ಇದ್ದಷ್ಟು ಹೊತ್ತು ಏನೂ ಅನ್ನಿಸ್ತಿರಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಕೇಸ್ ಫ್ಯಾನ್ ಬೇಕಾಗಿ ಅದೇ ಅಂಗಡಿಗೆ ಹೋದೆ. ಹುಡುಗ ಕಾಣಲಿಲ್ಲ. ಅಲ್ಲಿದ್ದ ಇನ್ನೊಬ್ಬ ಕೆಲಸದವನನ್ನ ಸುಮ್ಮನೆ ಕೇಳಿದೆ. “ಪಂಚಮಿಗೆ ಊರಿಗೆ ಹೋದೋನು ಬರ್ಲೇ ಇಲ್ಲ ಸರ್. ಒಂದು ಬೋರ್ಡ್ ಹಾಳು ಮಾಡ್ದ ಅಂತ ತಿಂಗಳಿಗೆ ಎರಡು ಸಾವಿರ ಕಟ್ ಮಾಡ್ತಿದ್ರು, ಎರಡು ತಿಂಗಳು ಆಯ್ತು” ಅಂದ. ಯಾರ ಬೋರ್ಡ್ ಅಂತ ಅವನಿಗೆ ಗೊತ್ತಿರಲಿಲ್ಲ.

ನಮ್ಮ ಆಫೀಸಲ್ಲಿ ಒಂದು ಪದ್ಧತಿ ಇದೆ, ನಿಮ್ಮಲ್ಲೂ ಇರಬಹುದು, ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಮ್ ಅಂತ. ಏನಾದರೂ ದೊಡ್ಡ ಎಡವಟ್ಟಾದಾಗ ಯಾರು ಮಾಡಿದ್ದು ಅಂತ ಬೆರಳು ತೋರಿಸದೆ, ವ್ಯವಸ್ಥೆಯಲ್ಲಿ ಎಲ್ಲಿ ತೂತಿತ್ತು ಅಂತ ಕೂತು ಹುಡುಕೋದು. ಒಳ್ಳೆ ಪದ್ಧತಿ, ನನಗೆ ಅದರ ಮೇಲೆ ನಿಜವಾದ ಗೌರವ ಇದೆ. ಒಂದು ಸಲ ನಾನು ತಪ್ಪು ಕಾನ್ಫಿಗರೇಶನ್ ಹಾಕಿ ಇಡೀ ಸರ್ವಿಸ್ ಒಂದು ಗಂಟೆ ನಿಲ್ಲಿಸಿದ್ದೆ. ನಷ್ಟ 15,800ಕ್ಕಿಂತ ಎಷ್ಟೋ ಪಟ್ಟು. ನನ್ನ ಸಂಬಳದಲ್ಲಿ ಒಂದು ರೂಪಾಯಿ ಹಿಡೀಲಿಲ್ಲ. ಅದರ ಮೇಲೆ ಪ್ರೆಸೆಂಟೇಶನ್ ಕೊಟ್ಟೆ, ಚಪ್ಪಾಳೆ ಬಿತ್ತು. ತಪ್ಪನ್ನು ಧೈರ್ಯವಾಗಿ ಒಪ್ಪಿಕೊಳ್ಳೋ ಮನುಷ್ಯ ಅಂತ ನನ್ನ ಬಗ್ಗೆ ನನಗಿದ್ದ ಅಭಿಪ್ರಾಯ ಎಲ್ಲ ಅಂಥ ಕಡೆ ಕಟ್ಟಿಕೊಂಡಿದ್ದು. ಒಪ್ಪಿಕೊಂಡರೆ ಏನೂ ಕಳಕೊಳ್ಳದ ಜಾಗದಲ್ಲಿ.

ಪಾರ್ಟ್ ಬದಲಾಯಿಸಿದರೆ ದೋಷ ಹೋಯ್ತು ಅಂತೀವಿ. ನನ್ನ ಕ್ಯಾಬಿನೆಟ್ಟಿನಿಂದ ಅದು ಹೋಗಿತ್ತು, ನಿಜ. ಹೋಗಿ ಒಬ್ಬ ಹುಡುಗನ ಸಂಬಳದ ಚೀಟಿಯಲ್ಲಿ ಕೂತಿತ್ತು. ಅದಕ್ಕಿಂತ ನನ್ನನ್ನು ಹೆಚ್ಚು ಕಾಡೋದು ಬೇರೆ. ಆ ಎರಡು ಸಾವಿರದ ಮಾತು ಕಿವಿಗೆ ಬೀಳದಿದ್ದರೆ? ಮಾಲೀಕರು ಪೂರ್ತಿ ನಷ್ಟ ತಾವೇ ನುಂಗಿದ್ದರೆ? ನಾನು ಇಷ್ಟೊತ್ತಿಗೆ ಮರೆತಿರ್ತಿದ್ದೆ. ನಾನು ಮಾಡಿದ್ದು ಎರಡು ಸಂದರ್ಭದಲ್ಲೂ ಒಂದೇ, ಅದೇ “ಹೌದಾ?”. ಅದು ತಪ್ಪು ಅಂತ ಅನ್ನಿಸೋಕೆ ಒಂದು ಮುಖ ಬೇಕಾಯ್ತು ಅಂದ್ರೆ, ನನ್ನೊಳಗೆ ಕೆಲಸ ಮಾಡ್ತಿದ್ದಿದ್ದು ನ್ಯಾಯವೋ ಬರೀ ಮುಜುಗರವೋ ಅಂತ ನನಗೆ ಇವತ್ತಿಗೂ ಸ್ಪಷ್ಟ ಇಲ್ಲ. ಮುಜುಗರವಾದರೂ ಆಯ್ತಲ್ಲ ಅಂತ ಗೆಳೆಯನೊಬ್ಬ ಸಮಾಧಾನ ಹೇಳಿದ. ಆ ಸಮಾಧಾನ ನನಗೆ ಹಿಡಿಸಲಿಲ್ಲ.

ಕೈಯಲ್ಲಿದ್ದ ಫ್ಯಾನನ್ನು ಕೌಂಟರ್ ಮೇಲಿಟ್ಟು ಮಾಲೀಕರಿಗೆ ಎಲ್ಲ ಹೇಳಿದೆ. ಬೈತಾರೆ ಅಂದ್ಕೊಂಡಿದ್ದೆ. ಬೈಲಿಲ್ಲ, ಕ್ಯಾಲ್ಕುಲೇಟರ್ ತಗೊಂಡ್ರು. “ಅವನದ್ದು ನಾಲ್ಕು ಸಾವಿರ ಹಿಡ್ಕೊಂಡಿದೀನಿ. ಅದು ಅವನಿಗೆ ನೀವೇ ಹಾಕ್ಬಿಡಿ, ನನಗೆ 11,800 ಕೊಡಿ.” ಸ್ಕ್ಯಾನ್ ಮಾಡಿದೆ. ಸ್ಪೀಕರ್ ಜೋರಾಗಿ ಮೊತ್ತ ಕೂಗಿತು. ಫ್ಯಾನಿಗೆ ಬೇರೆ ಬಿಲ್.

ಹುಡುಗನ ನಂಬರ್ ಅಲ್ಲೇ ಸಿಕ್ತು. ಆ ರಾತ್ರಿ ಫೋನ್ ಮಾಡಿ, ಯಾರು ಅಂತ ಹೇಳಿ, ಆಗಿದ್ದನ್ನ ಹೇಳಿದೆ. ಆ ಕಡೆ ಟಿವಿ ಸದ್ದು ಕೇಳ್ತಿತ್ತು, ಅವನು ಹೊರಗೆ ಬಂದ ಅನ್ಸುತ್ತೆ, ಸದ್ದು ಕಮ್ಮಿ ಆಯ್ತು.

“ಅವಾಗ್ಲೇ ಹೇಳ್ಬೇಕಿತ್ತಲ್ರಿ ಸರ” ಅಂದ. ಸಿಟ್ಟಿರಲಿಲ್ಲ. ಆಮೇಲೆ, “ನಾನ ಮುಚ್ಚಳ ಹಾಕುವಾಗ ಬಗ್ಗಿಸಿರ್ಬೇಕು ಅಂತ ನನಗೂ ಅನ್ಸಾಕ ಹತ್ತಿತ್ರಿ. ಆಮ್ಯಾಲೆ ಯಾವ ಬೋರ್ಡ್ ಮುಟ್ಟಿದ್ರೂ ಕೈ ನಡಗ್ತಿತ್ತು” ಅಂದ.

ನನಗೆ ಹೇಳೋಕೆ ಏನೂ ಇರಲಿಲ್ಲ. ನಾಲ್ಕು ಸಾವಿರ ಕಳಿಸ್ತೀನಿ ಅಂದೆ. ಹೂಂ ಅಂದ. ಫೋನ್ ಇಡೋಕೆ ಮುಂಚೆ ಅವನೇ ಕೇಳಿದ:

“ಈಗ ಪೂರಾ ಮೂವತ್ತೆರಡು ತೋರ್ಸಾಕತ್ತೈತೇನ್ರಿ?”

ತೋರಿಸ್ತಿದೆ ಅಂದೆ.