ಓದುಗರನ್ನು ಬಯಸುವುದು ತಪ್ಪೇ?

ನೌಕರಿ ಮುಗಿಸಿ ಮನೆಗೆ ಬಂದು, ರಾತ್ರಿ ಊಟವಾದ ಮೇಲೆ ಒಂದಿಷ್ಟು ಬರೆದು ಜಾಲತಾಣಕ್ಕೆ ಹಾಕುವ ಕನ್ನಡಿಗರು ಇಂದು ಊರೂರಲ್ಲೂ ಇದ್ದಾರೆ. ಬರೆದದ್ದನ್ನು ನಾಲ್ಕು ಜನ ಓದಲಿ ಎಂಬ ಆಸೆ ಅವರೆಲ್ಲರಿಗೂ ಇದೆ. ಆ ಆಸೆಯ ಬಗ್ಗೆ ಒಳಗೊಳಗೇ ಅಳುಕೂ ಇದೆ. ಫಲಾಪೇಕ್ಷೆಯಿಲ್ಲದೆ ಕರ್ಮ ಮಾಡಬೇಕೆಂಬ ಗೀತೆಯ ಬೋಧನೆಯನ್ನು ಕೇಳಿ ಬೆಳೆದ ಮನಸ್ಸಿಗೆ ಈ ಅಳುಕು ಸಹಜ. ಹಾಗಾದರೆ ಓದುಗರನ್ನು ಬಯಸುವುದು ತಪ್ಪೇ? ತಪ್ಪಲ್ಲ ಎಂದು ನಾನು ವಾದಿಸುತ್ತೇನೆ. ಓದುಗರನ್ನು ದಾಸೋಹಕ್ಕೆ ಬಂದವರಂತೆ ಕಾಣುವವರೆಗೆ ಆ ಬಯಕೆಯಲ್ಲಿ ದೋಷವಿಲ್ಲ.

ಇದಕ್ಕೆ ನಮ್ಮಲ್ಲೇ ದೊಡ್ಡ ಸಾಕ್ಷ್ಯವಿದೆ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಹೆಚ್ಚಿನವರು ಬರೆದು ಹೊಟ್ಟೆ ಹೊರೆದವರಲ್ಲ. ಅಂಬಿಗರ ಚೌಡಯ್ಯನವರದು ದೋಣಿ, ಮಡಿವಾಳ ಮಾಚಿದೇವರದು ಬಟ್ಟೆ ಒಗೆಯುವ ಕೆಲಸ, ನುಲಿಯ ಚಂದಯ್ಯನವರದು ಹಗ್ಗ ಹೊಸೆಯುವ ಕಾಯಕ. ಸ್ವತಃ ಬಸವಣ್ಣನವರು ಬಿಜ್ಜಳನ ಭಂಡಾರಿ. ಆದರೂ ಅವರ ವಚನಗಳು ತಮ್ಮಷ್ಟಕ್ಕೆ ತಾವು ಗುನುಗಿಕೊಂಡ ಮಾತುಗಳಲ್ಲ. ಅವು ಎದುರಿಗಿದ್ದವರನ್ನು ಕರೆಯುತ್ತವೆ, ಪ್ರಶ್ನಿಸುತ್ತವೆ, ಗದರುತ್ತವೆ. ಕಾಯಕದ ಫಲ ಹಂಚಿಕೆಯಾಗಬೇಕೆಂದು ನಂಬಿದವರು ಅನುಭಾವವನ್ನೂ ಹಂಚಿದರು. ಪಡೆಯುವವರಿಲ್ಲದೆ ದಾಸೋಹ ನಡೆಯುವುದಾದರೂ ಹೇಗೆ? ಶತಮಾನಗಳ ನಂತರ ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಆ ವಚನಗಳನ್ನು ಓಲೆಗರಿಗಳಿಂದ ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಓದುಗರು ಬೇಕೆಂಬ ಹಂಬಲ ಅವರಲ್ಲಿ ಇರದಿದ್ದರೆ ಎಷ್ಟೋ ವಚನಗಳು ನಮ್ಮ ಕೈಸೇರುತ್ತಿರಲಿಲ್ಲ.

ಇಂದಿನ ಮಾಧ್ಯಮ ಓದುಗರನ್ನು ಅಂಕಿಗಳಾಗಿ ತೋರಿಸುತ್ತದೆ, ಅಂಕಿ ಕಂಡಮೇಲೆ ದುರಾಸೆ ಹುಟ್ಟದಿರುತ್ತದೆಯೇ ಎಂದು ಕೇಳಬಹುದು. ಆಕ್ಷೇಪ ನಿಜ. ಅದಕ್ಕೆ ಉತ್ತರ ವಚನಕಾರ ದಂಪತಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆಯಲ್ಲಿದೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಒಪ್ಪಲಿಲ್ಲ. ಹೆಚ್ಚಿನದನ್ನು ಆಯ್ದ ಜಾಗದಲ್ಲಿಯೇ ಸುರಿದು ಬರುವಂತೆ ಹೇಳಿದರು. ಅಕ್ಕಿ ಬೇಡವೆಂದು ಅವರು ಹೇಳಲಿಲ್ಲ, ಅಂದಂದಿಗೆ ಸಾಲುವಷ್ಟನ್ನು ಇಟ್ಟುಕೊಂಡರು. ಬರೆಯುವವರಿಗೂ ಈ ಅಳತೆ ಬೇಕು. ಬೆಳೆಸಾಲದ ಬಡ್ಡಿ ಲೆಕ್ಕವನ್ನು ತಿಳಿಗನ್ನಡದಲ್ಲಿ ವಿವರಿಸಿದ ಬ್ಯಾಂಕ್ ನೌಕರನಿಗೆ ಒಬ್ಬ ರೈತ ‘ಈಗ ಅರ್ಥವಾಯಿತು, ಆದರೆ ಸಬ್ಸಿಡಿ ಯಾವಾಗ ಸೇರುತ್ತದೆ?’ ಎಂದು ಬರೆದರೆ, ನಾಳೆಯ ಬರಹಕ್ಕೆ ಅಷ್ಟು ಸಾಕು. ಆ ಪ್ರಶ್ನೆಯನ್ನು ಬದಿಗಿಟ್ಟು ಲೈಕ್ ಹೆಚ್ಚಿಸಲು ಜಗಳದ ವಿಷಯ ಎತ್ತಿಕೊಂಡರೆ, ಲಕ್ಕಮ್ಮನವರು ಹಿಂತಿರುಗಿಸಲು ಹೇಳಿದ ಅಕ್ಕಿಯನ್ನೇ ಮನೆಗೆ ತಂದಂತೆ.

ನೌಕರಿಯೇ ಕಾಯಕವಾಗಿರುವಾಗ ಬರವಣಿಗೆ ಅದರ ಸಮಯವನ್ನು ಕದಿಯುವುದಿಲ್ಲವೇ ಎಂಬುದು ಎರಡನೆಯ ಆಕ್ಷೇಪ. ಕದಿಯುವುದಾದರೆ ಖಂಡಿತ ತಪ್ಪು. ಕಾಯಕದಲ್ಲಿ ನಿರತನಾದವನು ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕೆಂದ ಮಾರಯ್ಯನವರು, ಕಚೇರಿಯ ಹೊತ್ತಿನಲ್ಲಿ ಲೇಖನ ಬರೆಯುವುದನ್ನು ಮೆಚ್ಚುತ್ತಿರಲಿಲ್ಲ. ಆದರೆ ನೌಕರಿ ಬರವಣಿಗೆಗೆ ಎರಡು ಉಪಕಾರ ಮಾಡುತ್ತದೆ. ಸಂಬಳ ಕೈಗೆ ಬರುವುದರಿಂದ ಓದುಗರನ್ನು ಓಲೈಸಿ ಬದುಕಬೇಕಾದ ಒತ್ತಡವಿಲ್ಲ. ದಿನವೂ ಜನರ ಕಷ್ಟ ಕಾಣುವುದರಿಂದ ಹೇಳಬೇಕಾದ ಮಾತಿಗೆ ಬರವಿಲ್ಲ. ಹೀಗೆ ಬಿಡುವಿನಲ್ಲಿ, ಸಣ್ಣ ಪ್ರಮಾಣದಲ್ಲಿ, ತಪ್ಪದೆ ಬರೆಯುವ ಅಭ್ಯಾಸವೇ ನಿಷ್ಕಾಮದ ಪಾಠವೂ ಆಗಬಲ್ಲದು. ಓದುಗರು ಹೆಚ್ಚಿದ ದಿನ ಅದು ಬೀಗದು, ಕಡಿಮೆಯಾದ ದಿನ ನಿಲ್ಲದು. ಗೀತೆ ಬಿಡಬೇಕೆಂದದ್ದು ಫಲದ ಮೋಹವನ್ನು. ನಮ್ಮ ಮಾತು ಯಾರಿಗೆ ತಲುಪಿತು, ಅವರಿಗೆ ಉಪಯೋಗವಾಯಿತೇ ಎಂಬ ಕಾಳಜಿಯನ್ನಲ್ಲ. ಆ ಕಾಳಜಿ ಇರುವವರು ಧೈರ್ಯವಾಗಿ ಓದುಗರನ್ನು ಹುಡುಕಲಿ.