ಓಟವೂ ಕಾಯಕವೂ

ಕಾಯಕವೆಂಬ ಮಾತು ಇಂದು ಎಲ್ಲರ ನಾಲಗೆಯ ಮೇಲೆಯೂ ಇದೆ. ಕಚೇರಿಗಳ ಗೋಡೆಯ ಮೇಲೆ ಅದನ್ನು ಬರೆಯಿಸಿ ತೂಗುಹಾಕಿದ್ದಾರೆ. ಅಂಗಡಿಯ ಹಲಗೆಗಳಲ್ಲಿಯೂ ಅದನ್ನು ಕಾಣಬಹುದು. ಒಂದು ಮಾತು ಹೀಗೆ ಎಲ್ಲೆಡೆಯೂ ಸಲ್ಲತೊಡಗಿದಾಗ ಅದರ ತೂಕ ಕೊಂಚ ಇಳಿಯುವುದು ಸಹಜ. ಬೆವರು ಸುರಿಯುವ ಕೆಲಸವೆಲ್ಲ ಕಾಯಕ, ಮನಸ್ಸಿಟ್ಟು ಮಾಡುವುದೆಲ್ಲ ಕಾಯಕ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಹೀಗೆ ಹೇಳುವುದು ಸರಿಯೇ ಎಂದು ನಿಂತು ವಿಚಾರಿಸುವ ಸಂದರ್ಭ ನನಗೆ ಒದಗಿದುದು ಒಬ್ಬ ತರುಣನಿಂದ.

ಆತನು ಮಳವಳ್ಳಿ ತಾಲ್ಲೂಕಿನ ರೈತನೊಬ್ಬನ ಮಗ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಒಂದು ಸಂಜೆ ಶಿವಾನುಭವಗೋಷ್ಠಿ ಮುಗಿದು ಜನರೆಲ್ಲ ಎದ್ದ ಮೇಲೆ ನನ್ನ ಬಳಿಗೆ ಬಂದು, "ಗುರುಗಳೇ, ನಾನು ವಾರಕ್ಕೆ ಐದು ದಿನ ನಸುಕಿನಲ್ಲಿ ಎದ್ದು ಓಡುತ್ತೇನೆ. ವರ್ಷಕ್ಕೊಮ್ಮೆ ದೀರ್ಘ ಓಟದಲ್ಲಿ ಭಾಗವಹಿಸುತ್ತೇನೆ. ಫಲದ ಆಸೆಯಿಲ್ಲ, ಬಹುಮಾನದ ನಿರೀಕ್ಷೆಯಿಲ್ಲ. ಇದು ಕಾಯಕವೆನ್ನಿಸಿಕೊಳ್ಳುವುದೇ?" ಎಂದು ಕೇಳಿದನು. "ಅಲ್ಲಪ್ಪ, ಅದು ಕ್ರೀಡೆ" ಎಂದು ಹೇಳಿ ನಾನು ಕೈತೊಳೆದುಕೊಂಡೆನು. ಆತನು ನಮಸ್ಕರಿಸಿ ಹೊರಟುಹೋದನು. ಉತ್ತರವೇನೋ ತಪ್ಪಾಗಿರಲಿಲ್ಲ, ಆದರೆ ಅದನ್ನು ಕೊಟ್ಟ ಅವಸರ ನನ್ನ ಮನಸ್ಸನ್ನು ಕೊರೆಯತೊಡಗಿತು. ಪ್ರಶ್ನೆಯನ್ನು ಅರಿಯುವ ಮೊದಲೇ ನಾನು ಅದನ್ನು ಮುಗಿಸಿಬಿಟ್ಟಿದ್ದೆನು.

ಆತನು ಹೇಳಿದ ಓಟ ನಮ್ಮ ಜಿಲ್ಲೆಯದೇ. ಶ್ರೀರಂಗಪಟ್ಟಣದ ಹತ್ತಿರ, ರಂಗನತಿಟ್ಟಿನ ಆಸುಪಾಸಿನಲ್ಲಿ, ಕಾವೇರಿಯ ಕಾಲುವೆಯೊಂದರ ಮಣ್ಣಿನ ಏರಿಯ ಮೇಲೆ ನಡೆಯುವ ಈ ಓಟಕ್ಕೆ ಕಾವೇರಿ ಟ್ರೈಲ್ ಮ್ಯಾರಥಾನ್ ಎಂದು ಹೆಸರು. ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನ ಓಟಗಾರರ ಬಳಗವೊಂದು ಇದನ್ನು ಆರಂಭಿಸಿತು. ಮುಂಗಾರು ಹಿಂದೆಗೆದು ಶರದೃತು ಕಾಲಿಡುವ ಸೆಪ್ಟೆಂಬರ್ ತಿಂಗಳೇ ಇದರ ಕಾಲ. ಮಹಾನಗರಗಳ ಓಟಗಳಂತೆ ಇಲ್ಲಿ ಡಾಂಬರು ಬೀದಿಯಿಲ್ಲ, ಇಕ್ಕೆಲದಲ್ಲಿ ಚಪ್ಪಾಳೆ ತಟ್ಟುವ ಜನಸಂದಣಿಯಿಲ್ಲ. ಒಂದು ಕಡೆ ಹರಿಯುವ ನೀರು, ಮತ್ತೊಂದು ಕಡೆ ಗದ್ದೆ, ತೆಂಗು, ಕಬ್ಬು. ಏರಿಯ ಮೇಲೆ ಬಹುದೂರ ಹೋಗಿ ಅದೇ ಏರಿಯ ಮೇಲೆ ಹಿಂದಿರುಗಬೇಕು. ಹೊರಟಲ್ಲಿಗೇ ಬಂದು ಸೇರುವುದಕ್ಕಾಗಿ ಇಷ್ಟು ದೂರ ಓಡುವುದೇಕೆಂದು ಯಾರಾದರೂ ಕೇಳಿದರೆ ಲೌಕಿಕದ ಯಾವ ಉತ್ತರವೂ ಸಮರ್ಪಕವಾಗಿ ತೋರುವುದಿಲ್ಲ.

ಮರುವರ್ಷ ಆ ತರುಣನ ಒತ್ತಾಯಕ್ಕೆ ಕಟ್ಟುಬಿದ್ದು ನಾನೂ ಒಂದು ಭಾನುವಾರ ಬೆಳಗ್ಗೆ ಆ ಏರಿಯ ಮೇಲೆ ಹೋಗಿ ನಿಂತೆನು. ನಸುಕಿನ ಮಂಜು ಇನ್ನೂ ಗದ್ದೆಗಳ ಮೇಲೆ ತೂಗುತ್ತಿತ್ತು. ಓಟಗಾರರು ಒಬ್ಬೊಬ್ಬರಾಗಿ, ಕೆಲವೊಮ್ಮೆ ಇಬ್ಬರು ಮೂವರಾಗಿ, ಹಾದುಹೋಗುತ್ತಿದ್ದರು. ನೀರು ಕೊಡುವ ಮೇಜಿನ ಬಳಿ ಒಬ್ಬ ಹುಡುಗನಿದ್ದನು. ಗದ್ದೆಯಲ್ಲಿ ಕಳೆ ಕೀಳಲು ಬಂದಿದ್ದ ನಾಲ್ವರು ಹೆಂಗಸರು ಏರಿಗೆ ಹತ್ತಿ ಬಂದು ಈ ವಿಚಿತ್ರವನ್ನು ನೋಡುತ್ತ ನಿಂತರು. ಅವರಲ್ಲಿ ಹಿರಿಯಳೊಬ್ಬಳು ಆ ಹುಡುಗನನ್ನು, "ಯಾಕಪ್ಪ, ಇವರ್ಗೆ ದಿನಕ್ಕೆ ಎಷ್ಟ್ ಕೂಲಿ ಕೊಡ್ತಾರೆ?" ಎಂದು ಕೇಳಿದಳು. "ಕೂಲಿ ಕೊಡಲ್ಲ ಕಣಜ್ಜಿ, ಇವರೇ ದುಡ್ಡು ಕಟ್ಟಿ ಓಡ್ತಾರೆ" ಎಂದನು ಹುಡುಗ. "ಅಯ್ ಸುಮ್ಕಿರಪ್ಪ!" ಎಂದು ಆಕೆ ನಕ್ಕಳು, ಉಳಿದವರೂ ನಕ್ಕರು. ಅನಂತರ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಕೆಸರಿಗೆ ಇಳಿದರು.

ಆ ನಗೆಯಲ್ಲಿ ಕುಹಕವಿರಲಿಲ್ಲ. ಆದರೂ ನಾನು ಗೋಷ್ಠಿಯಲ್ಲಿ ಕೊಡಬೇಕಾಗಿದ್ದ ಉತ್ತರ ಅದರಲ್ಲಿ ಅಡಗಿದ್ದಂತೆ ನನಗೆ ತೋರಿತು. ದುಡಿದರೆ ಮಾತ್ರ ಸಂಜೆಯ ಒಲೆ ಉರಿಯುವ ದೇಹವೊಂದು. ದುಡಿಮೆಯಿಂದ ಬಿಡುಗಡೆ ಪಡೆದುದರಿಂದಲೇ ಶ್ರಮವನ್ನು ಹಣ ತೆತ್ತು ಕೊಳ್ಳಬೇಕಾದ ದೇಹ ಮತ್ತೊಂದು. ಎರಡೂ ಬೆವರುತ್ತವೆ. ಈ ಎರಡು ಬೆವರಿಗೂ ಕಾಯಕವೆಂಬ ಒಂದೇ ಹೆಸರನ್ನು ಇಡಬಹುದೆ?

ಇಡಲಾಗದೆಂದೇ ನನ್ನ ತಿಳಿವಳಿಕೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕಾಯಕವೆಂಬ ಮಾತು ರೂಪುಗೊಂಡಾಗ ಅದು ಬರಿಯ ಶ್ರಮದ ಹೆಸರಾಗಿರಲಿಲ್ಲ. ಸ್ವಂತ ಕೈಯಿಂದ ಮಾಡಬೇಕು. ಮಾಡಿದುದರಿಂದ ಲೋಕಕ್ಕೆ ಬೇಕಾದುದೊಂದು ಹುಟ್ಟಬೇಕು. ಹುಟ್ಟಿದುದರಲ್ಲಿ ತನಗೆ ಬೇಕಾದಷ್ಟನ್ನು ಮಾತ್ರ ಉಳಿಸಿಕೊಂಡು ಮಿಕ್ಕುದನ್ನು ದಾಸೋಹಕ್ಕೆ ಸಲ್ಲಿಸಬೇಕು. ಹುಲ್ಲಿನ ಹಗ್ಗ ಹೊಸೆದ ನುಲಿಯ ಚಂದಯ್ಯನವರ ಕೈಯಿಂದ ಹಗ್ಗ ಹುಟ್ಟಿತು. ಅಂಬಿಗರ ಚೌಡಯ್ಯನವರ ದೋಣಿಯಿಂದ ಜನ ದಡ ಸೇರಿದರು. ಮಡಿವಾಳ ಮಾಚಯ್ಯನವರ ಬಂಡೆಯ ಮೇಲೆ ಬಟ್ಟೆ ಬಿಳುಪಾಯಿತು. ಓಟದಿಂದ ಏನು ಹುಟ್ಟುತ್ತದೆ? ಓಡಿದವನ ಆರೋಗ್ಯವೆನ್ನಬಹುದು, ಅದು ಸಣ್ಣ ವಿಷಯವೇನೂ ಅಲ್ಲ. ಆದರೆ ಅದು ಅವನಲ್ಲಿಯೇ ಉಳಿಯುತ್ತದೆ, ದಾಸೋಹಕ್ಕೆ ಸಲ್ಲುವುದಿಲ್ಲ. ಫಲಾಪೇಕ್ಷೆಯಿಲ್ಲವೆಂದ ಮಾತ್ರಕ್ಕೆ ಫಲವೇ ಇಲ್ಲದ ಕೆಲಸ ಕಾಯಕವಾಗದು. ಫಲವಿದ್ದೂ ಅದರ ಮೇಲೆ ಮೋಹವಿಲ್ಲದಿರುವುದೇ ಶರಣರ ನಿಷ್ಕಾಮತೆಯಲ್ಲವೆ?

ಇಲ್ಲಿಗೆ ವಿಚಾರವನ್ನು ನಿಲ್ಲಿಸಬಹುದಾಗಿತ್ತು. ಆದರೆ ಕಾಯಕವಲ್ಲವೆಂದ ಮಾತ್ರಕ್ಕೆ ಒಂದು ಕೆಲಸ ನಿಂದ್ಯವಾಗುವುದಿಲ್ಲ. ದೇಹವನ್ನು ಹೊಲಸೆಂದು ಹಳಿಯುವ ವೈರಾಗ್ಯ ಶರಣರದಲ್ಲ. ದೇಹವನ್ನೇ ದೇಗುಲವಾಗಿ ಕಂಡವರು ಬಸವಣ್ಣನವರು. ದೇಗುಲವನ್ನು ಗುಡಿಸಿ ಸಾರಿಸಿ ಇಟ್ಟುಕೊಳ್ಳುವುದು ಭಕ್ತನ ಕೆಲಸವೇ. ದಿನವಿಡೀ ಕುರ್ಚಿಯಲ್ಲಿ ಕುಳಿತು ದುಡಿಯುವ ಇಂದಿನ ತರುಣನು ನಸುಕಿನಲ್ಲಿ ಒಂದು ತಾಸು ಓಡಿದರೆ ಅವನು ದೇಗುಲದ ಕಸ ತೆಗೆದಂತಾಯಿತೆಂದು ಹೇಳಲು ನನಗೆ ಸಂಕೋಚವಿಲ್ಲ. ಹಾಗೆಂದು ದಿನವೆಲ್ಲ ಕಸವನ್ನೇ ತೆಗೆಯುತ್ತಿದ್ದರೆ ಪೂಜೆಯಾಗುವುದು ಯಾವಾಗ?

ಪ್ರಸಂಗವಶದಿಂದ ಒಂದು ಮಾತು. ಈಗಿನ ಮ್ಯಾರಥಾನ್ ಓಟ ಮೊದಲು ನಡೆದುದು 1896ರಲ್ಲಿ, ಅಥೆನ್ಸ್ ನಗರದ ಒಲಿಂಪಿಕ್ ಕೂಟದಲ್ಲಿ. ಅಂದಿನ ಓಟ ಸುಮಾರು 40 ಕಿಲೋಮೀಟರು; 42.195 ಕಿಲೋಮೀಟರು ಎಂಬ ಲೆಕ್ಕ ಬಂದುದು 1908ರ ಲಂಡನ್ ಕೂಟದಿಂದ. ಅಥೆನ್ಸಿನಲ್ಲಿ ಗೆದ್ದ ಸ್ಪಿರಿಡಾನ್ ಲೂಯಿ ಎಂಬಾತನು ನೀರು ಹೊತ್ತು ಮಾರಿ ಜೀವಿಸುತ್ತಿದ್ದವನು. ಊರಿನಿಂದ ನಗರಕ್ಕೆ ನೀರು ಸಾಗಿಸಿ ಸಾಗಿಸಿ ಅವನ ಕಾಲು ಗಟ್ಟಿಯಾಗಿತ್ತು. ಅವನ ಓಟ ಅವನ ಕಾಯಕದ ಮಗಳು. ನಮ್ಮ ಬೆಳಗಾವಿಯ ಪಿ. ಡಿ. ಚೌಗುಲೆಯವರು 1920ರ ಆಂಟ್‌ವರ್ಪ್ ಕೂಟದಲ್ಲಿ ಮ್ಯಾರಥಾನ್ ಓಡಿ 19ನೆಯವರಾಗಿ ಮುಗಿಸಿದುದನ್ನು ನಮ್ಮ ನಾಡಿನಲ್ಲಿಯೇ ಬಹುಮಂದಿ ಮರೆತಿದ್ದಾರೆ; ನೆನೆಯಬೇಕಾದ ಹೆಸರು ಅದು.

ಈಗ ಆ ಏರಿಗೆ ಹಿಂದಿರುಗೋಣ. ಓಟಗಾರರು ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದರು, "ಎಷ್ಟು ಸುಂದರ!" ಎನ್ನುತ್ತಿದ್ದರು. ಸುಂದರವೇ ಸರಿ. ಆದರೆ ಈ ಸೌಂದರ್ಯ ತಾನಾಗಿ ಬೆಳೆದುದಲ್ಲ. ಮಂಡ್ಯದ ಹಸುರೆಲ್ಲ ಕೈಯಿಂದ ಮಾಡಿದ ಹಸುರು. 1911ರಲ್ಲಿ ಆರಂಭವಾಗಿ ಇಪ್ಪತ್ತು ವರ್ಷ ನಡೆದ ಕನ್ನಂಬಾಡಿಯ ಕಟ್ಟೆಯ ಕೆಲಸ, ಅದರ ನೀರನ್ನು ಮಂಡ್ಯ ಮದ್ದೂರು ಮಳವಳ್ಳಿಗಳಿಗೆ ಒಯ್ದ ವಿಶ್ವೇಶ್ವರಯ್ಯ ನಾಲೆ, ಅದಕ್ಕೂ ಶತಮಾನಗಳ ಹಿಂದೆ ಒಡೆಯರ ಕಾಲದಲ್ಲಿ ಶ್ರೀರಂಗಪಟ್ಟಣದ ಸುತ್ತ ತೋಡಿದ ನಾಲೆಗಳು, ಇವೆಲ್ಲ ಮಂಕರಿಯಲ್ಲಿ ಮಣ್ಣು ಹೊತ್ತವರ ಬೆನ್ನಿನ ಮೇಲೆ ನಿಂತಿವೆ. ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮಯ್ಯನವರನ್ನು ನಾವು ಸ್ಮರಿಸುತ್ತೇವೆ. ಅವರೊಡನೆ ಮಣ್ಣು ಹೊತ್ತ ಸಾವಿರಾರು ಒಡ್ಡರನ್ನು ಸ್ಮರಿಸುವುದಿಲ್ಲ. ಓಟಗಾರನ ಕಾಲಿನ ಕೆಳಗಿರುವುದು ಮಣ್ಣಲ್ಲ, ಮತ್ತೊಬ್ಬರ ಕಾಯಕ. ಇದನ್ನರಿತು ಓಡುವವನಿಗೂ ಅರಿಯದೆ ಓಡುವವನಿಗೂ ದೂರ ಒಂದೇ, ವೇಗವೂ ಒಂದೇ ಇರಬಹುದು. ಒಳಗಿನ ಓಟ ಮಾತ್ರ ಬೇರೆ.

2023ರ ಸೆಪ್ಟೆಂಬರನ್ನು ನಮ್ಮ ಜಿಲ್ಲೆಯವರು ಮರೆಯಲಾರರು. ಮಳೆ ಕೈಕೊಟ್ಟಿತ್ತು, ಕಟ್ಟೆಯಲ್ಲಿ ನೀರು ಕೆಳಗಿಳಿದಿತ್ತು, ತಮಿಳುನಾಡಿಗೆ ನೀರು ಹರಿಸುವುದರ ವಿರುದ್ಧ 23ರಂದು ಮಂಡ್ಯ ಬಂದ್ ನಡೆಯಿತು. ಅಂಥ ಶರತ್ಕಾಲದಲ್ಲಿ ಕಾಲುವೆಯನ್ನು ನೋಡುವ ಕಣ್ಣುಗಳು ಎರಡು ಬಗೆ. ಒಂದು ಕಣ್ಣು ಅದರಲ್ಲಿ ಬಿದ್ದ ಆಕಾಶದ ಪ್ರತಿಬಿಂಬವನ್ನು ಕಾಣುತ್ತದೆ. ಮತ್ತೊಂದು ತೂಬಿನ ಕಲ್ಲಿನ ಮೇಲೆ ನೀರು ಎಷ್ಟು ಅಂಗುಲ ಇಳಿದಿದೆಯೆಂದು ಅಳೆಯುತ್ತದೆ. ಮೊದಲನೆಯ ಕಣ್ಣು ಪಾಪಿಷ್ಠವೆಂದು ನಾನು ಹೇಳುವುದಿಲ್ಲ. ಚೆಲುವನ್ನು ಕಂಡು ಹಿಗ್ಗುವುದೂ ಶಿವನ ಪ್ರಸಾದವೇ. ಆದರೆ ಪ್ರಸಾದವನ್ನು ಪಡೆದವನು ಅದು ಯಾರ ಒಲೆಯಲ್ಲಿ ಬೆಂದಿತೆಂದು ಒಮ್ಮೆಯಾದರೂ ವಿಚಾರಿಸಬೇಡವೆ?

ಆ ತರುಣನ ಪ್ರಶ್ನೆಯ ಬೇರು ಎಲ್ಲಿತ್ತೆಂಬುದು ನನಗೆ ತಿಳಿದುದು ಓಟ ಮುಗಿದ ಮೇಲೆ. ಮರದ ನೆರಳಿನಲ್ಲಿ ಕುಳಿತು ಊದಿದ ಮೊಣಕಾಲನ್ನು ನೀವಿಕೊಳ್ಳುತ್ತ ಆತನು ಹೇಳಿದನು. ಅವರ ಹೊಲ ನಾಲೆಯ ಕೊನೆಯ ಭಾಗದಲ್ಲಿದೆ. ಕಟ್ಟು ಪದ್ಧತಿಯಲ್ಲಿ ಬಿಡುವ ನೀರು ಅವರ ಸರದಿಗೆ ಬರುವುದು ಹೆಚ್ಚಾಗಿ ರಾತ್ರಿಯ ಹೊತ್ತು. ಅರವತ್ತೈದು ದಾಟಿದ ತಂದೆ ಬ್ಯಾಟರಿ ಹಿಡಿದು, ಗುದ್ದಲಿ ಹೆಗಲಿಗಿಟ್ಟು, ನಡುರಾತ್ರಿಯಲ್ಲಿ ನೀರು ಕಟ್ಟಲು ಹೋಗುತ್ತಾರೆ. ಹಿಂದಿನ ವರ್ಷ ಇದೇ ಓಟದ ಮುನ್ನಾದಿನ ಈತನು ಊರಿಗೆ ಹೋಗಿದ್ದನಂತೆ. ಅಂದೇ ಅವರ ನೀರಿನ ಸರದಿ. ನಾಳೆ ಓಡಬೇಕಾದುದರಿಂದ ನಿದ್ದೆ ಅಗತ್ಯವೆಂದು ಈತನು ಮಲಗಿದನು. ತಂದೆ ಏನೂ ಹೇಳಲಿಲ್ಲ. ಮಗನಿಗೆ ಎಚ್ಚರವಾಗದಿರಲೆಂದು ಬಾಗಿಲನ್ನು ಸದ್ದಿಲ್ಲದೆ ಎಳೆದುಕೊಂಡು ಹೋದರಂತೆ. "ಅವರು ಬಯ್ದಿದ್ದರೆ ಚೆನ್ನಾಗಿತ್ತು" ಎಂದನು ತರುಣ.

ಆಗ ನನಗೆ ನೆನಪಾದವರು ಆಯ್ದಕ್ಕಿ ಲಕ್ಕಮ್ಮನವರು. ಅವರ ಕಥೆ ಓದುಗರಿಗೆ ಹೊಸದಲ್ಲ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಅನುಭಾವದ ಮಾತಿನಲ್ಲಿ ಮೈಮರೆತಾಗ, ಹೊತ್ತು ಮೀರುತ್ತಿದೆಯೆಂದು ಎಚ್ಚರಿಸಿ ಎಬ್ಬಿಸಿ ಕಳುಹಿಸಿದವರು ಲಕ್ಕಮ್ಮ. ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಬೇಕಾದುದಕ್ಕಿಂತ ಹೆಚ್ಚಿನದು ನಮಗೆ ಸಲ್ಲದೆಂದು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಮಾಡಿದವರೂ ಅವರೇ. ಈ ಕಥೆಯ ಎರಡನೆಯ ಭಾಗವನ್ನೇ ನಾವು ಪದೇ ಪದೇ ಹೇಳುತ್ತೇವೆ. ಮೊದಲನೆಯದು ಅದಕ್ಕಿಂತ ಕಠಿಣವಾದುದು. ಮಾರಯ್ಯನವರನ್ನು ಹಿಡಿದು ನಿಲ್ಲಿಸಿದುದು ದುರ್ವ್ಯಸನವಲ್ಲ, ಅನುಭಾವ! ಒಳ್ಳೆಯದೂ ಕಾಯಕಕ್ಕೆ ಅಡ್ಡ ಬರಬಹುದೆಂಬ ಅರಿವು ಆ ತಾಯಿಗಿತ್ತು. ಅನುಭಾವದ ಮಾತಿಗೇ ಇಲ್ಲದ ರಿಯಾಯಿತಿ ಓಟಕ್ಕೆ ಇರಲಾರದು.

ನಾನು ಈ ಕಥೆಯನ್ನು ಆತನಿಗೆ ಹೇಳಿ, "ಓಟ ಬಿಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಅದರಲ್ಲಿ ನಿನಗೆ ಬೇಕಾದ ಅಕ್ಕಿ ಎಷ್ಟು, ಹೆಚ್ಚಾದುದು ಎಷ್ಟು, ನೀನೇ ಅಳೆದುಕೊ" ಎಂದೆನು. ಆತನು ತನ್ನ ಮೊಣಕಾಲನ್ನು ನೋಡಿಕೊಂಡು ನಕ್ಕನು. ಮಿತಿಯ ಪಾಠವನ್ನು ದೇಹ ಶಾಸ್ತ್ರಕ್ಕಿಂತ ಮೊದಲೇ ಹೇಳಿರುತ್ತದೆ. ನಾವು ಕಿವಿಗೊಡುವುದಿಲ್ಲ, ಅಷ್ಟೆ. ಪೂರ್ಣ ಓಟವೇ ಬೇಕು, ಹೋದ ವರ್ಷಕ್ಕಿಂತ ನಾಲ್ಕು ನಿಮಿಷ ಕಡಿಮೆಯಾಗಲೇಬೇಕು ಎಂಬ ಹಟ ಬಹುಮಾನದ ಆಸೆಗಿಂತ ಸೂಕ್ಷ್ಮವಾದ ಆಸೆ. ಬಹುಮಾನವನ್ನು ಬೇಡವೆನ್ನಬಹುದು, ಲೆಕ್ಕವನ್ನು ಬೇಡವೆನ್ನುವುದು ಅಷ್ಟು ಸುಲಭವಲ್ಲ. ಜಪದ ಮಣಿ ಎಣಿಸುವ ನಮ್ಮಂಥವರಿಗೂ ಈ ರೋಗ ಇಲ್ಲದಿಲ್ಲ.

ಮುಂದಿನ ವರ್ಷ ಆತನು ಅರ್ಧ ಓಟಕ್ಕೆ ಮಾತ್ರ ಹೆಸರು ಕೊಟ್ಟನು. ಎರಡು ದಿನ ಮೊದಲೇ ಊರಿಗೆ ಹೋಗಿ ನೀರಿನ ಸರದಿಯ ರಾತ್ರಿ ತಂದೆಯೊಡನೆ ಹೊಲದಲ್ಲಿ ನಿಂತನಂತೆ. ಓಟದ ದಿನ ತಂದೆಯನ್ನೂ ಕರೆತಂದಿದ್ದನು. ನಾನು ಅವರನ್ನು ಮೊದಲ ಸಲ ಕಂಡುದು ಅಂದೇ: ಹೆಗಲ ಮೇಲೆ ಟವಲು, ಕಾಲಲ್ಲಿ ಹಳೆಯ ಚಪ್ಪಲಿ, ಮಾತು ಕಡಿಮೆ. ಮಗನು ಓಡಿಹೋದ ದಿಕ್ಕನ್ನು ಸ್ವಲ್ಪ ಹೊತ್ತು ನೋಡಿ, ಆಮೇಲೆ ಏರಿಯ ಅಂಚಿನವರೆಗೆ ನಡೆದು, ಬಗ್ಗಿ ಮಣ್ಣನ್ನು ಬೆರಳಿನಿಂದ ಒತ್ತಿ ನೋಡಿದರು.

"ಏರಿ ಗಟ್ಟಿಯಾಗೈತೆ, ಬುದ್ದಿ" ಎಂದರು. "ತೂಬಿನ ತಾವು ಮಾತ್ರ ವಸಿ ಕುಸಿದೈತೆ. ಮಳೆ ಬರೋದ್ರೊಳಗೆ ಯಾರಾದ್ರೂ ಎರಡ್ ಮಂಕ್ರಿ ಮಣ್ಣು ಹಾಕ್ಬೇಕು."